ಬಿಸಿಲಿಗೊಂದು, ನೆರಳಿಗೊಂದು: ಮಾಂತೋನ್‌ನಲ್ಲಿ ಫೆಬ್ರವರಿ

ಫ್ರಾನ್ಸಿನ ಮೆಡಿಟರೇನಿಯನ್ ದಂಡೆ ಹಿಡಿದು ಪೂರ್ವಕ್ಕೆ ಹೋದರೆ ಕಡೆಗೆ ಸಿಗುವ ಊರು ಮಾಂತೋನ್. ಆಮೇಲೆ ಇಟಲಿ. ಸುಮಾರು ಮೂವತ್ತು ಸಾವಿರ ಜನ, ಬೆನ್ನಿಗೆ ಬೆಟ್ಟ, ಎದುರಿಗೆ ಸಮುದ್ರ. ಈಗ ಎಲ್ಲರೂ ಇಲ್ಲಿಗೆ ಬರುವುದು ಬೇಸಿಗೆಯಲ್ಲಿ, ನಾನೂ ಹಿಂದೊಮ್ಮೆ ಆಗಸ್ಟ್‌ನಲ್ಲೇ ಬಂದು ಹೋಗಿದ್ದೆ. ಆದರೆ ಊರು ಹೆಸರು ಮಾಡಿದ್ದು ಬೇಸಿಗೆಯಿಂದಲ್ಲ, ಚಳಿಗಾಲದಿಂದ. ಮೈಸೂರಿನಿಂದ ಮ್ಯೂನಿಕ್‌ಗೆ ಬಂದಿದ್ದ ಅಮ್ಮ ವಾರಗಟ್ಟಲೆ ಬೂದು ಆಕಾಶ ನೋಡಿ ನೋಡಿ ಬೇಜಾರಾಗಿದ್ದಳು. "ಒಂದು ನಾಲ್ಕು ದಿನ ಬಿಸಿಲು ತೋರಿಸು, ಸಾಕು" ಅಂದಳು. ಟಿಕೆಟ್ ತೆಗೆದೆ.

ಬುಧವಾರ

ಮ್ಯೂನಿಕ್ ಬಿಟ್ಟಾಗ ಮೈನಸ್ ನಾಲ್ಕು. ನೀಸ್‌ನಲ್ಲಿ ಇಳಿದಾಗ ಹನ್ನೆರಡು. ಏರ್‌ಪೋರ್ಟ್‌ಗೆ ಹತ್ತಿರದಲ್ಲೇ ನೀಸ್-ಸೇಂಟ್ ಅಗಸ್ಟಿನ್ ಅಂತ ಒಂದು ಸಣ್ಣ ಸ್ಟೇಷನ್ ಇದೆ. ಅಲ್ಲಿಂದಲೇ ಮಾಂತೋನ್‌ಗೆ ಲೋಕಲ್ ರೈಲು ಸಿಗುತ್ತದೆ, ಊರೊಳಗೆ ಹೋಗುವ ರಗಳೆ ಇಲ್ಲ. ಬಲಗಡೆಯ ಕಿಟಕಿ ಹಿಡಿಯಬೇಕು, ಅಷ್ಟೇ. ವಿಲ್‌ಫ್ರಾಂಶ್ ಕೊಲ್ಲಿ ಬಂದ ಮೇಲೆ ಅಮ್ಮ ಮಾತು ನಿಲ್ಲಿಸಿದಳು. ಮೊನಾಕೊ ಸ್ಟೇಷನ್ ಮಾತ್ರ ಬಂಡೆಯೊಳಗೆ ಕೊರೆದದ್ದು, ಏನೂ ಕಾಣುವುದಿಲ್ಲ.

ಮನೆ ಸಿಕ್ಕಿದ್ದು ಗರಾವಾನ್‌ನಲ್ಲಿ. ಹಳೇ ಊರಿನ ಪೂರ್ವಕ್ಕೆ, ಇಟಲಿ ಕಡೆಗಿರುವ ಕೊಲ್ಲಿ ಅದು. ಮನೆಯೊಡತಿಗೆ ಎಪ್ಪತ್ತು ದಾಟಿರಬೇಕು. ಬೀಗದ ಕೈ ಕೊಡುವ ಮೊದಲೇ ಕಿಟಕಿಯ ಪಾಠ ಮಾಡಿದರು. "ಬೆಳಿಗ್ಗೆ ಬಿಸಿಲು ಗೋಡೆಗೆ ಬಿದ್ದ ಮೇಲೆ ಎಲ್ಲ ಕಿಟಕಿ ತೆಗೆಯಿರಿ. ಸಂಜೆ ನಾಲ್ಕೂವರೆಗೆ ಹೊರಗಿನ ಮರದ ಬಾಗಿಲು ಮುಚ್ಚಿಬಿಡಿ. ಹೀಟರ್ ಆಮೇಲಿನ ಮಾತು." ಆಗಸ್ಟ್‌ನಲ್ಲಿ ಇದೇ ಬಾಗಿಲಿಗೆ ಪಾಠ ಉಲ್ಟಾ: ರಾತ್ರಿ ತೆರೆದಿಡಿ, ಹಗಲೆಲ್ಲ ಮುಚ್ಚಿ.

ಮೂರು ಗಂಟೆಗೆ ಬಾಲ್ಕನಿಯಲ್ಲಿ ಕೂತ ಅಮ್ಮ ಮೊದಲು ಶಾಲು, ಆಮೇಲೆ ಸ್ವೆಟರ್ ತೆಗೆದಳು. ಬ್ರೆಡ್ಡು, ಹಾಲು ತರೋಣ ಅಂತ ಕೆಳಗಿನ ಓಣಿಗೆ ಹೋದೆವು. ಎರಡು ಕಟ್ಟಡದ ನಡುವಿನ ನೆರಳು ಹೊಕ್ಕಿದ್ದೇ ತಡ, "ಅಯ್ಯೋ ನನ್ನ ಸ್ವೆಟರ್!" ಅಂತ ವಾಪಸ್ ಹತ್ತಿದಳು.

ಫೋನಿನಲ್ಲಿ 13 ಡಿಗ್ರಿ ಅಂತ ತೋರಿಸುತ್ತಿತ್ತು. ಸುಳ್ಳೇನಲ್ಲ. ಹವಾಮಾನದವರು ಥರ್ಮಾಮೀಟರನ್ನು ಬಿಳಿ ಪೆಟ್ಟಿಗೆಯಲ್ಲಿ, ಗಾಳಿ ಆಡುವ ಹಾಗೆ, ನೆರಳಿನಲ್ಲಿ ಇಡುತ್ತಾರೆ. ಅಂದರೆ ಫೋನು ಹೇಳುವುದು ಯಾವಾಗಲೂ ನೆರಳಿನ ಲೆಕ್ಕ. ಮೋಡ ಮುಚ್ಚಿದ ಊರಲ್ಲಿ ಅದರಿಂದ ಹೆಚ್ಚು ವ್ಯತ್ಯಾಸ ಇಲ್ಲ. ಇಲ್ಲಿ ಹಾಗಲ್ಲ. ಫೆಬ್ರವರಿ ಮಧ್ಯದಲ್ಲಿ ನಡು ಮಧ್ಯಾಹ್ನವೂ ಸೂರ್ಯ ದಿಗಂತದಿಂದ 34 ಡಿಗ್ರಿ ಕೋನಕ್ಕಿಂತ ಮೇಲೆ ಏರುವುದಿಲ್ಲ. ತಗ್ಗಿನಲ್ಲಿ ಓರೆಯಾಗಿ ಬರುವ ಬಿಸಿಲು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ನೇರ ಬೀಳುತ್ತದೆ, ಕಿರಿದಾದ ಓಣಿಯ ನೆಲಕ್ಕೆ ತಲುಪುವುದೇ ಇಲ್ಲ. ಅದಕ್ಕೇ ಇಲ್ಲಿ ಚಳಿಗಾಲದಲ್ಲಿ ಊರಿನ ಟೆಂಪರೇಚರ್ ಎಷ್ಟು ಅಂತ ಕೇಳಿದರೆ ಉಪಯೋಗವಿಲ್ಲ. ರಸ್ತೆಯ ಯಾವ ಬದಿ, ಎಷ್ಟು ಗಂಟೆಗೆ ಅಂತ ಕೇಳಬೇಕು.

ಐದರ ಹೊತ್ತಿಗೆ ಸೂರ್ಯ ಪಶ್ಚಿಮದ ಬೆಟ್ಟದ ಹಿಂದೆ ಹೋದ. ಕ್ಯಾಲೆಂಡರಿನ ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆ ಹತ್ತಿರ ಇತ್ತು. ಸಮುದ್ರ ತೀರದ ಬೆಂಚುಗಳು ಐದು ನಿಮಿಷದಲ್ಲಿ ಖಾಲಿ.

ಗುರುವಾರ

ಬೆಳಿಗ್ಗೆ ಮಾರ್ಕೆಟ್. 1898ರಲ್ಲಿ ಕಟ್ಟಿದ ಕಟ್ಟಡ, ಮುಖದ ಮೇಲೆ ಬಣ್ಣದ ಸೆರಾಮಿಕ್ ಅಲಂಕಾರ. ಅಮ್ಮನಿಗೆ ಕಟ್ಟಡಕ್ಕಿಂತ ನಿಂಬೆ ಮುಖ್ಯ. ಮಾಂತೋನ್ ನಿಂಬೆ ನಮ್ಮ ನಿಂಬೆಗಿಂತ ಬಹಳ ದೊಡ್ಡದು, ಸಿಪ್ಪೆ ದಪ್ಪ, ಎಲೆ ಸಮೇತ ಮಾರುತ್ತಾರೆ. 2015ರಿಂದ ಇದಕ್ಕೆ ಯುರೋಪಿನ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಬೆಲೆಯೂ ಹಾಗೇ ಇದೆ. ಅಂಗಡಿಯಾಕೆ ಒಂದು ತುಂಡು ಕತ್ತರಿಸಿ ಸಿಪ್ಪೆ ಸಮೇತ ತಿನ್ನಿ ಅಂದರು. ಕಹಿ ಇಲ್ಲ. ಅಮ್ಮ ಅಗಿಯುತ್ತಾ ನನ್ನ ಕಡೆ ತಿರುಗಿದಳು. "ಎರಡು ಕೆಜಿ ತಗೋ. ಉಪ್ಪೂ ತಗೋ, ಒಂದು ಗಾಜಿನ ಬರಣೀನೂ. ಆ ಬಾಲ್ಕನಿ ಬಿಸಿಲು ಸುಮ್ನೆ ಹಾಳಾಗ್ತಿದೆ."

ಹೋಳು ಮಾಡಿ ಉಪ್ಪು ಬೆರೆಸಿ ಬರಣಿ ಹೊರಗಿಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಮೇಲೇ ನಾವು ಊರು ನೋಡಲು ಹೊರಟದ್ದು.

ಹಳೇ ಊರು ಗುಡ್ಡದ ಮೇಲೆ. ಸೇಂಟ್ ಮೈಕೆಲ್ ಚರ್ಚಿನ ಮುಂದಿನ ಅಂಗಳಕ್ಕೆ ಕಪ್ಪು ಬಿಳಿ ಉರುಟು ಕಲ್ಲು ಜೋಡಿಸಿದ್ದಾರೆ. ಇನ್ನೂ ಮೇಲೆ ಹತ್ತಿದರೆ ಕೋಟೆ ಇದ್ದ ಜಾಗದಲ್ಲಿ ಸ್ಮಶಾನ. ಪ್ರವಾಸಕ್ಕೆ ಬಂದು ಸ್ಮಶಾನ ಯಾಕೆ ಅಂತ ಅಮ್ಮ ಗೊಣಗಿದಳು. ಆದರೆ ಮಾಂತೋನ್‌ನ ಚರಿತ್ರೆ ಇರುವುದೇ ಅಲ್ಲಿ.

1859ರಲ್ಲಿ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ಡಾಕ್ಟರು ಇಲ್ಲಿಗೆ ಬಂದರು. ಅವರಿಗೆ ಕ್ಷಯ. ಬದುಕುವ ಆಸೆ ಬಿಟ್ಟೇ ಬಂದಿದ್ದರು, ಇಲ್ಲಿ ಚಳಿಗಾಲ ಕಳೆದು ಚೇತರಿಸಿಕೊಂಡರು. ಊರಿಗೆ ಹೋಗಿ ಪುಸ್ತಕ ಬರೆದರು, ರೋಗಿಗಳನ್ನು ಕಳಿಸತೊಡಗಿದರು. ಆಗಿನ್ನೂ ಕ್ಷಯದ ಕ್ರಿಮಿ ಯಾರಿಗೂ ಗೊತ್ತಿರಲಿಲ್ಲ, ಜರ್ಮನ್ ವಿಜ್ಞಾನಿ ಕಾಖ್ ಅದನ್ನು ಕಂಡುಹಿಡಿದದ್ದು 1882ರಲ್ಲಿ. ಬಿಸಿಲು, ಒಣಗಾಳಿ, ಹಿಮ ಬೀಳದ ರಾತ್ರಿ ಇವೇ ಔಷಧ. 1861ರವರೆಗೂ ಮಾಂತೋನ್ ಫ್ರಾನ್ಸಿಗೆ ಸೇರಿರಲಿಲ್ಲ ಕೂಡ. ಮೊನಾಕೊ ರಾಜಮನೆತನದ ಕೈಯಲ್ಲಿದ್ದ ಊರು 1848ರಲ್ಲಿ ದಂಗೆ ಎದ್ದು ಬೇರೆಯಾಯಿತು. ಆಮೇಲೆ ರಾಜರು 40 ಲಕ್ಷ ಫ್ರಾಂಕ್ ತೆಗೆದುಕೊಂಡು ಹಕ್ಕು ಬಿಟ್ಟರು. 1869ರಲ್ಲಿ ರೈಲು ಬಂತು. ರೈಲಿನ ಹಿಂದೆ ಇಂಗ್ಲಿಷರು, ರಷ್ಯನ್ನರು, ಜರ್ಮನ್ನರು.

ಸ್ಮಶಾನದಲ್ಲಿ ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ಹೋದರೆ ಎಷ್ಟೋ ಜನ ಇಪ್ಪತ್ತರ ಆಸುಪಾಸಿನವರು. ರಗ್ಬಿ ಆಟ ಶುರು ಮಾಡಿದವರು ಅಂತ ಕಥೆ ಇರುವ ವಿಲಿಯಂ ವೆಬ್ ಎಲ್ಲಿಸ್ ಸಮಾಧಿಯೂ ಇಲ್ಲೇ ಇದೆ, 1872ರದ್ದು. ಪಕ್ಕದ ತ್ರಾಬುಕೆ ಸ್ಮಶಾನದಲ್ಲಿ ಚಿತ್ರಕಾರ ಆಬ್ರಿ ಬಿಯರ್ಡ್ಸ್ಲಿ. 1898ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಬರೀ 25. ಔಷಧಿ ಅಂತ ಬಂದ ಎಲ್ಲರಿಗೂ ಬಿಸಿಲು ಕೆಲಸ ಮಾಡಲಿಲ್ಲ.

ಅಲ್ಲಿಂದ ಕೆಳಗೆ ನೋಡಿದರೆ ಹಳೇ ಹೋಟೆಲುಗಳು ಕಾಣುತ್ತವೆ. ವಿಂಟರ್ ಪ್ಯಾಲೇಸ್, ರಿವಿಯೆರಾ ಪ್ಯಾಲೇಸ್. ಈಗ ಅಪಾರ್ಟ್‌ಮೆಂಟುಗಳು. ಸಮುದ್ರದ ಅಂಚಿಗೆ ಕಟ್ಟದೆ ಬೆಟ್ಟದ ಬುಡದಲ್ಲಿ, ಬೆನ್ನು ಉತ್ತರಕ್ಕೆ ಕೊಟ್ಟು ಕಟ್ಟಿದ್ದಾರೆ. ಬಂದವರು ಈಜುವವರಲ್ಲವಲ್ಲ! ಆಗೆಲ್ಲ ಶರತ್ಕಾಲದಲ್ಲಿ ಬಾಗಿಲು ತೆರೆದು, ಮೇ ಬಂತು ಅಂದರೆ ಬೀಗ ಹಾಕುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿ ಇರುವುದು ಬುದ್ಧಿವಂತರ ಕೆಲಸ ಅಲ್ಲ ಅಂತ ಆಗಿನ ಲೆಕ್ಕ. 1920ರ ದಶಕದಲ್ಲಿ ಮೈ ಕಂದಾಗಿಸಿಕೊಳ್ಳುವುದು ಫ್ಯಾಷನ್ ಆಯಿತು, 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆ ಸಂಬಳ ಸಹಿತ ರಜೆ ಸಿಕ್ಕಿತು. ಸೀಸನ್ ತಲೆಕೆಳಗಾಯಿತು.

ಶುಕ್ರವಾರ

ಶುಕ್ರವಾರ ಗಡಿಯಾಚೆಯ ವೆಂಟಿಮಿಲಿಯಾದಲ್ಲಿ ಸಂತೆ. ರೈಲಿನಲ್ಲಿ ಹದಿನೈದು ನಿಮಿಷದೊಳಗೆ ಇಟಲಿ. ಚೀಸು, ಚರ್ಮದ ಬ್ಯಾಗು, ಮೇಜುಬಟ್ಟೆ, ನೂಕುನುಗ್ಗಲು. ಅಮ್ಮ ಒಂದು ಮೇಜುಬಟ್ಟೆ ಕೊಂಡಳು, ಚೌಕಾಸಿ ಪೂರ್ತಿ ಕೈಸನ್ನೆಯಲ್ಲೇ. ಸಂತೆಯ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವಂಥದ್ದಿಲ್ಲ. ಪಾಸ್‌ಪೋರ್ಟ್ ಮಾತ್ರ ಜೇಬಲ್ಲಿರಲಿ. ವಾಪಸ್ ಬರುವಾಗ ಗರಾವಾನ್ ಸ್ಟೇಷನ್ನಿನಲ್ಲಿ ಪೊಲೀಸರು ರೈಲು ಹತ್ತಿ ಕಾಗದ ನೋಡುತ್ತಾರೆ.

ಮಧ್ಯಾಹ್ನ ಗರಾವಾನ್‌ನಿಂದ ನಡೆದೇ ಮತ್ತೆ ಗಡಿ ದಾಟಿದೆವು. ದಾಟಿದ ಕೂಡಲೇ ಬಾಲ್ಸಿ ರೊಸ್ಸಿ, ಸಮುದ್ರದ ಪಕ್ಕದಲ್ಲೇ ಎದ್ದು ನಿಂತ ಕೆಂಪು ಬಂಡೆ, ಅದರಲ್ಲಿ ಸಾಲು ಗುಹೆಗಳು. ಚಿಕ್ಕದೊಂದು ಮ್ಯೂಸಿಯಂ. ಹೋದ ಎಲ್ಲ ಜಾಗಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು.

ಇಲ್ಲಿನ ಒಂದು ಗುಹೆಯ ಮಣ್ಣನ್ನು ಪದರ ಪದರವಾಗಿ ಅಗೆದಿದ್ದಾರೆ. ತಳದ ಪದರಗಳಲ್ಲಿ ಸಿಕ್ಕಿದ್ದು ನೀರಾನೆ, ಆನೆ, ಘೇಂಡಾಮೃಗದ ಮೂಳೆ. ಮೇಲಿನ ಪದರಗಳಲ್ಲಿ ಹಿಮಸಾರಂಗ! ಅದೇ ಗುಹೆ, ಅದೇ ಬಾಗಿಲು. ಹಳೆಯ ದಂಡೆಯ ಮರಳಿನಲ್ಲಿ ಒಂದು ಜಾತಿಯ ಶಂಖವೂ ಸಿಕ್ಕಿದೆ. ಆ ಶಂಖ ಈಗ ಮೆಡಿಟರೇನಿಯನ್‌ನಲ್ಲಿ ಇಲ್ಲ. ಅದು ಬದುಕಿರುವುದು ಪಶ್ಚಿಮ ಆಫ್ರಿಕಾದ ಬೆಚ್ಚನೆಯ ನೀರಿನಲ್ಲಿ. ಅಂದರೆ ಒಂದು ಕಾಲಕ್ಕೆ ಇಲ್ಲಿನ ಸಮುದ್ರ ಇವತ್ತಿಗಿಂತ ಬಿಸಿಯಾಗಿತ್ತು, ಮಟ್ಟವೂ ಮೇಲಿತ್ತು. ಆಮೇಲೆ ಹಿಮಯುಗ. ಸುಮಾರು 20 ಸಾವಿರ ವರ್ಷದ ಹಿಂದೆ ಸಮುದ್ರದ ಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಈ ಗುಹೆಯವರು ಬಾಗಿಲಲ್ಲಿ ನಿಂತರೆ ಮೊದಲು ಕಾಣುತ್ತಿದ್ದುದು ಬಯಲು, ನೀರು ಅದರಾಚೆ.

ಅಮ್ಮ ಗಾಜಿನ ಪೆಟ್ಟಿಗೆಯ ಎದುರು ಬಹಳ ಹೊತ್ತು ನಿಂತಳು. ಕಡೆಗೆ ಕೇಳಿದಳು, "ಗುಹೆ ಬಾಗಿಲು ಯಾವ ಕಡೆಗೇ?"

"ದಕ್ಷಿಣಕ್ಕಮ್ಮ."

"ಅದೇ ಮತ್ತೆ. ಅವರಿಗೂ ಬಿಸಿಲು ಬೇಕಿತ್ತು."

ಮ್ಯೂಸಿಯಂನ ಯಾವ ಫಲಕದಲ್ಲೂ ಈ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ.

ಶನಿವಾರ

ಮಾಂತೋನ್‌ನಿಂದ ಸಣ್ಣ ಬಸ್ಸು ಸಾಂತ್-ಆನ್ಯೆಸ್ ಎಂಬ ಹಳ್ಳಿಗೆ ಹತ್ತುತ್ತದೆ. ಯುರೋಪಿನ ಕರಾವಳಿ ಹಳ್ಳಿಗಳಲ್ಲೇ ಅತಿ ಎತ್ತರದ್ದು ಅಂತ ಊರವರ ಹೆಮ್ಮೆ. ಎತ್ತರ ಸುಮಾರು 780 ಮೀಟರ್, ಸಮುದ್ರ ಮೂರ್ನಾಲ್ಕು ಕಿಲೋಮೀಟರಿನಲ್ಲೇ. ತಿರುವುಗಳು ಎಷ್ಟಿವೆಯೆಂದರೆ ಅಮ್ಮ ದಾರಿಯುದ್ದಕ್ಕೂ ನಿಂಬೆ ಮೂಸುತ್ತಾ ಕೂತಳು.

ಬ್ಯಾಗಿಗೆ ನೇತು ಹಾಕಿದ್ದ ಪುಟ್ಟ ಥರ್ಮಾಮೀಟರನ್ನು ಬಸ್‌ಸ್ಟಾಪಿನ ನೆರಳಿನಲ್ಲಿ ನೋಡಿದ್ದೆ, 13. ಮೇಲೆ ಚರ್ಚಿನ ನೆರಳಿನಲ್ಲಿ 8. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ ಅಂತ ಸ್ಕೂಲಲ್ಲಿ ಓದಿದ ಲೆಕ್ಕ ಕಣ್ಣೆದುರಿಗೇ ಸರಿಹೋಯಿತು. ಹಳ್ಳಿ ಚೆನ್ನಾಗಿದೆ, ಕಲ್ಲಿನ ಓಣಿ, ಮುಚ್ಚಿದ ಅಂಗಡಿ, ಎರಡನೇ ಮಹಾಯುದ್ಧಕ್ಕೆ ಮುಂಚೆ ಫ್ರಾನ್ಸ್ ತನ್ನ ಗಡಿ ಕಾಯಲು ಕಟ್ಟಿದ ಮ್ಯಾಜಿನೋ ಸಾಲಿನ, ಬಂಡೆಯೊಳಗೆ ಕೊರೆದ ಕೋಟೆ. ಆದರೆ ಇಲ್ಲಿಗೆ ಹತ್ತಬೇಕಾದ ಕಾರಣ ಬೇರೆ. ಮಾಂತೋನ್ ಯಾಕೆ ಬೆಚ್ಚಗಿದೆ ಅನ್ನುವುದು ಇಲ್ಲಿಂದ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಉತ್ತರಕ್ಕೆ ಹಿಮ ಹೊತ್ತ ಆಲ್ಪ್ಸ್ ಸಾಲು. ಅದರ ಮುಂದೆ ಊರಿಗೆ ಅಂಟಿಕೊಂಡ ಹಾಗೆ ಸಾವಿರ ಮೀಟರ್ ದಾಟಿದ ಬೆಟ್ಟಗಳು. ಉತ್ತರದ ಗಾಳಿ ಊರಿನ ತಲೆ ಮೇಲೆ ಹಾದು ಹೋಗುತ್ತದೆ. ಪಶ್ಚಿಮದ ರೋನ್ ಕಣಿವೆಯಲ್ಲಿ ಬೀಸುವ ಕುಖ್ಯಾತ ಚಳಿಗಾಳಿ ಮಿಸ್ಟ್ರಾಲ್ ಇಷ್ಟು ದೂರ ಬರುವುದೇ ಅಪರೂಪ. ದಕ್ಷಿಣಕ್ಕೆ ಫೆಬ್ರವರಿಯಲ್ಲೂ 13 ಡಿಗ್ರಿ ಇರುವ ಸಮುದ್ರ. ಈಜಲು ತಣ್ಣಗೆ (ಊರಿನ ಕೆಲವು ಅಜ್ಜಿಯರು ಆಗಲೂ ಇಳಿಯುತ್ತಾರೆ, ಅದು ಬೇರೆ ವಿಷಯ), ಆದರೆ ರಾತ್ರಿಯ ಗಾಳಿ ಏಳು ಡಿಗ್ರಿಗಿಂತ ಹೆಚ್ಚು ಕೆಳಗಿಳಿಯದ ಹಾಗೆ ಕಾಯಲು ಸಾಕು.

ಆಗಸ್ಟ್‌ನಲ್ಲಿ ಇದೇ ಸಮುದ್ರ 25ಕ್ಕೆ ಏರಿರುತ್ತದೆ. ಹಗಲು 27-28, ರಾತ್ರಿ 21ರ ಆಸುಪಾಸು. ಬೆಂಗಳೂರಿನ ಆಗಸ್ಟ್ ನೋಡಿದರೆ ಅದೂ ಹತ್ತಿರ ಹತ್ತಿರ ಅಷ್ಟೇ! ಆದರೆ ಬೆಂಗಳೂರಿನ 28ಕ್ಕೆ ಮೋಡದ ಮುಸುಕು ಇದೆ, ಸಂಜೆ ಮಳೆ ಇದೆ, ಏಳಕ್ಕೆ ಕತ್ತಲೆ. ಇಲ್ಲಿ ಮೋಡವೇ ಇಲ್ಲ, ರಾತ್ರಿ ಎಂಟೂವರೆಗೂ ಬೆಳಕು, ದಿನವಿಡೀ ಕಾದ ಕಲ್ಲು ರಾತ್ರಿಯಿಡೀ ಬಿಸಿ ಬಿಡುತ್ತದೆ, ಸಮುದ್ರದ ತೇವ ಮೈಗೆ ಅಂಟುತ್ತದೆ. ಆ ಸಲ ನಾನು ಬಿಸಿಲಿನ ಬದಿ ಬಿಟ್ಟು ರಸ್ತೆ ದಾಟಿ ದಾಟಿ ನೆರಳು ಹುಡುಕಿದ್ದೆ.

ಭಾನುವಾರ

ನಿಂಬೆ ಹಬ್ಬದ ಮೆರವಣಿಗೆ. ಈ ಹಬ್ಬ 1934ರಿಂದ ಇದೆ. ಚಳಿಗಾಲದ ಅತಿಥಿಗಳನ್ನು ಖುಷಿಪಡಿಸಲು ಹೋಟೆಲಿನವರೊಬ್ಬರು ತೋಟದಲ್ಲಿ ಹಣ್ಣು ಜೋಡಿಸಿದ್ದೇ ಇದರ ಶುರು. ಈಗ ಬಿಯೊವೆಸ್ ಉದ್ಯಾನದಲ್ಲಿ ಮನೆಯೆತ್ತರದ ಬೊಂಬೆಗಳು, ಸಮುದ್ರದ ರಸ್ತೆಯಲ್ಲಿ ಹಣ್ಣಿನ ರಥಗಳು, ಒಟ್ಟು 140 ಟನ್ನಿನಷ್ಟು ಹಣ್ಣು.

ಹತ್ತಿರ ಹೋಗಿ ನೋಡಿದೆ. ತಂತಿಯ ಬಲೆಗೆ ಒಂದೊಂದು ಹಣ್ಣನ್ನೂ ಬೇರೆ ಬೇರೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದಾರೆ. ಕಿತ್ತಳೆ ಒಂದು ಸಾಲು, ನಿಂಬೆ ಒಂದು ಸಾಲು. ತೊಟ್ಟಿನ ಭಾಗ ಒಳಗೆ, ನುಣುಪು ಹೊರಗೆ. ಒಬ್ಬ ಹುಡುಗ ಏಣಿ ಹತ್ತಿ, ಮೆತ್ತಗಾದ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷೆ ಮಾಡಿ, ಕಿತ್ತು ಬಕೆಟ್ಟಿಗೆ ಹಾಕಿ, ಹೊಸದನ್ನು ಕಟ್ಟುತ್ತಿದ್ದ. ಹಬ್ಬ ಮುಗಿಯುವವರೆಗೂ ಇದೇ ಕೆಲಸ. ಬಿಸಿಲಿನ ಬದಿಯ ಹಣ್ಣುಗಳೇ ಮೊದಲು ಮೆತ್ತಗಾಗುವುದು.

ಈ ಹಣ್ಣುಗಳಲ್ಲಿ ಬಹುಪಾಲು ಸ್ಪೇನಿನವು. ಊರಿನ ನಿಂಬೆ ಇಷ್ಟು ದೊಡ್ಡ ಆಟಕ್ಕೆ ಸಾಲುವುದಿಲ್ಲ, ಅಷ್ಟು ಬೆಲೆಯ ಹಣ್ಣನ್ನು ಬೊಂಬೆಗೆ ಕಟ್ಟುವವರೂ ಯಾರು? ಒಂದು ಕಾಲಕ್ಕೆ ಬೆಟ್ಟದ ಮೆಟ್ಟಿಲು ಗದ್ದೆಗಳಲ್ಲೆಲ್ಲ ನಿಂಬೆಯೇ ಇತ್ತು. ಹೋಟೆಲು, ಬಂಗಲೆ ಬಂದು ಭೂಮಿಯ ಬೆಲೆ ಏರಿತು, ರೋಗ ಬಂತು, 1956ರ ಫೆಬ್ರವರಿಯ ಹಿಮಗಾಳಿ ಬಂತು. ಆ ಚಳಿಗೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದಲ್ಲಿ ಆಲಿವ್ ಮರಗಳೇ ಒಣಗಿ ನಿಂತವು, ನಿಂಬೆಯ ಪಾಡು ಕೇಳಬೇಕೆ? ಮೈನಸ್ ಮೂರ್ನಾಲ್ಕು ಡಿಗ್ರಿ ಒಂದು ರಾತ್ರಿ ನಿಂತರೂ ನಿಂಬೆಗಿಡಕ್ಕೆ ಪೆಟ್ಟು. ಹಿಮ ಮುಟ್ಟದ ವರ್ಷಗಳಲ್ಲಿ ಇಲ್ಲಿನ ಗಿಡ ಹೂವು, ಕಾಯಿ, ಹಣ್ಣು ಮೂರನ್ನೂ ಒಟ್ಟಿಗೆ ಹೊತ್ತಿರುತ್ತದೆ. ನಮ್ಮ ಮನೆಯೊಡತಿಯ ಹಿತ್ತಲಿನಲ್ಲೂ ಒಂದಿತ್ತು.

ಸಂಜೆ ಅವರು ಬಾಲ್ಕನಿಯ ಬರಣಿ ನೋಡಿ ಏನಿದು ಅಂತ ವಿಚಾರಿಸಿದರು. ಅಮ್ಮ ಬಟ್ಟೆ ಬಿಚ್ಚಿ ತೋರಿಸಿದಳು. ಹೋಳುಗಳು ಆಗಲೇ ನೀರು ಬಿಟ್ಟು ಬಣ್ಣ ತಿರುಗಿದ್ದವು. "ಎಷ್ಟು ದಿನ ಬಿಸಿಲಿಗಿಡಬೇಕು?" ಅಂತ ಅವರು ಕೇಳಿದರು. ಹದಿನೈದು ದಿನ ಅಂದೆ. "ಹಾಗಾದರೆ ನಾಳೆ ಒಳಗಿಡಿ, ಮಳೆ ಬರುತ್ತದೆ" ಅಂದು ಸಮುದ್ರದ ಕಡೆ ಕೈ ತೋರಿಸಿದರು. ಆಕಾಶ ಪೂರ್ತಿ ನೀಲಿ. ಫೋನಿನಲ್ಲೂ ಸೂರ್ಯನ ಚಿತ್ರವೇ ಇತ್ತು.

ಸೋಮವಾರ

ಮಳೆ ಬಂತು. ಪೂರ್ವದ ಗಾಳಿಯ ಜೊತೆ, ಬೆಳಿಗ್ಗೆಯಿಂದ ಸಂಜೆವರೆಗೆ. ಹೊರಗೆ 11, ಒಳಗೆ ಹೀಟರ್ ಹಾಕಿದರೂ ಹೆಂಚಿನ ನೆಲ ಕೊರೆಯುತ್ತಿತ್ತು. ಬಿಸಿಲು ಬರುತ್ತದೆ ಅನ್ನುವ ಧೈರ್ಯದ ಮೇಲೆ ಕಟ್ಟಿದ ಮನೆಗಳು ಇವು. ಅದು ಬಾರದ ದಿನ ಮ್ಯೂನಿಕ್ ಮನೆಯೇ ವಾಸಿ.

ಇಲ್ಲಿ ಮಳೆಯ ಲೆಕ್ಕ ನಮ್ಮದಕ್ಕೆ ಪೂರ್ತಿ ವಿರುದ್ಧ. ಜುಲೈ ಒಣ, ಅಕ್ಟೋಬರ್-ನವೆಂಬರ್ ಜೋರು. ಬೇಸಿಗೆಯೆಲ್ಲ ಕಾದ ಸಮುದ್ರ ಶರತ್ಕಾಲದಲ್ಲೂ ಬೆಚ್ಚಗಿರುತ್ತದೆ, ಅದರ ಮೇಲಿಂದ ತೇವ ಹೊತ್ತು ಬಂದ ಗಾಳಿ ಬೆಟ್ಟಕ್ಕೆ ಬಡಿಯುತ್ತದೆ. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಚಂಡಮಾರುತ ಬಂದಾಗ ಬೆಟ್ಟದ ಹಿಂದಿನ ವೆಸುಬಿ ಕಣಿವೆಯ ಸೇಂಟ್ ಮಾರ್ಟಿನ್‌ನಲ್ಲಿ 24 ಗಂಟೆಯಲ್ಲಿ 500 ಮಿಲಿಮೀಟರ್ ಸುರಿಯಿತು. ಇಲ್ಲಿಗೆ ಹತ್ತಿರದ ರೋಯಾ ಕಣಿವೆಯಲ್ಲಿ ಸೇತುವೆ, ಮನೆ ಎಲ್ಲ ಕೊಚ್ಚಿ ಹೋದವು.

ಇದೇ ಸಮುದ್ರ ಪ್ರವಾಸಿಗೆ ಅನುಕೂಲವೂ ಹೌದು. ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಹಗಲು ಸುಮಾರು 20-21. ಆದರೆ ಮೇನಲ್ಲಿ ನೀರು 17, ಅಕ್ಟೋಬರ್‌ನಲ್ಲಿ 21. ಸಮುದ್ರ ಯಾವಾಗಲೂ ಸೂರ್ಯನಿಗಿಂತ ಒಂದೂವರೆ ಎರಡು ತಿಂಗಳು ಹಿಂದೆ. ನೀರಿಗಿಳಿಯುವವರು ಸೆಪ್ಟೆಂಬರ್ ಹಿಡಿಯಲಿ: ಆಗಸ್ಟ್‌ನ ಜನವಿಲ್ಲ, ನೀರು 23-24, ಮಳೆ ಸಾಮಾನ್ಯವಾಗಿ ಇನ್ನೂ ಜೋರಾಗಿರುವುದಿಲ್ಲ. ನಡೆಯುವವರಿಗೆ, ಗಿಡ ನೋಡುವವರಿಗೆ ಮೇ. ವಯಸ್ಸಾದವರನ್ನು ಕರೆತರುವುದಾದರೆ ಫೆಬ್ರವರಿಯೂ ಸರಿ, ಆದರೆ ದಕ್ಷಿಣಕ್ಕೆ ಬಾಲ್ಕನಿ ಇರುವ ಮನೆ ನೋಡಿಯೇ ಹಿಡಿಯಿರಿ. ಉತ್ತರದ ರೂಮು ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಮಂಗಳವಾರ

ಮತ್ತೆ ಬಿಸಿಲು. ವಿಮಾನ ಸಂಜೆಗೆ. ವಾಲ್ ರಾಮೆ ಸಸ್ಯೋದ್ಯಾನಕ್ಕೆ ಮಂಗಳವಾರ ರಜೆ, ಬೇಲಿಯಾಚೆಯ ಮರ ನೋಡಿಕೊಂಡು ಸಮಾಧಾನ ಮಾಡಿಕೊಂಡೆವು. ಸಬ್ಲೆಟ್ ಬೀಚಿನ ಬೆಂಚಿನಲ್ಲಿ ಕೂತು ಪಿಶಾದ್ ತಿಂದೆವು. ಟೊಮೆಟೊ ಈರುಳ್ಳಿ ಹಾಕಿದ, ಚೀಸ್ ಇಲ್ಲದ ಇಲ್ಲಿನ ರೊಟ್ಟಿ ಅದು. ಸಸ್ಯಾಹಾರಿಗಳು ಕೇಳಿಯೇ ತಗೋಬೇಕು, ಕೆಲವರು ಸಣ್ಣ ಮೀನು ಹಾಕುತ್ತಾರೆ.

ಏರ್‌ಪೋರ್ಟಿಗೆ ಹೊರಡುವಾಗ ಬರಣಿಯ ಪ್ರಶ್ನೆ ಬಂತು. ನಮ್ಮ ಹತ್ತಿರ ಇದ್ದದ್ದು ಕೈ ಸಾಮಾನು ಮಾತ್ರ. ಉಪ್ಪುನೀರಲ್ಲಿ ಮುಳುಗಿದ ನಿಂಬೆ, ಕೈ ಸಾಮಾನಿನ ದ್ರವಕ್ಕಿದ್ದ 100 ಮಿಲಿಯ ಲೆಕ್ಕದಲ್ಲಿ ಸೆಕ್ಯುರಿಟಿ ದಾಟುವಂತಿರಲಿಲ್ಲ. ಮನೆಯೊಡತಿಗೇ ಕೊಟ್ಟುಬಿಡೋಣ, ಇಲ್ಲೇ ಹದಿನೈದು ದಿನ ಬಿಸಿಲು ಕಾಯಲಿ ಅಂದೆ. ಅಮ್ಮ ಒಪ್ಪಲಿಲ್ಲ. "ಅವರಿಗೆ ಒಗ್ಗರಣೆ ಹಾಕೋಕೆ ಬರುತ್ತೇನೇ?" ಕಡೆಗೆ ಒಂದು ಚೆಕ್-ಇನ್ ಬ್ಯಾಗಿಗೆ ದುಡ್ಡು ಕಟ್ಟಿದೆ, ನಿಂಬೆಯ ಬೆಲೆಗಿಂತ ಮೂರು ಪಟ್ಟು ಜಾಸ್ತಿ. ಬರಣಿಯನ್ನು ವೆಂಟಿಮಿಲಿಯಾದ ಮೇಜುಬಟ್ಟೆಯಲ್ಲಿ ಸುತ್ತಿ, ಮೂರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಮ್ಮನೇ ಪ್ಯಾಕ್ ಮಾಡಿದಳು. ಒಂದು ಪುಟ್ಟ ಬಾಟಲಿಯಷ್ಟು ಹೋಳು ಮಾತ್ರ ಮನೆಯೊಡತಿಗೆ ಕೊಟ್ಟು, ಬಿಸಿಲಿಗಿಟ್ಟು ದಿನಕ್ಕೊಮ್ಮೆ ಅಲ್ಲಾಡಿಸಬೇಕು ಅಂತ ನನ್ನ ಕೈಲಿ ಎರಡು ಸಲ ಹೇಳಿಸಿದಳು.